ದ್ವೀಪ ಒಂದು, ಮಕ್ಕಳಿಬ್ಬರು: ಎನಿಮಲ್ ಕ್ರಾಸಿಂಗೋ, ಸ್ಟಾರ್‌ಡ್ಯೂ ವ್ಯಾಲಿಯೋ?

ಮನೆಯಲ್ಲಿ ಇಬ್ಬರು ಮಕ್ಕಳಿದ್ದು, ಕೈಯಲ್ಲಿ ಹಿಡಿದು ಆಡುವ ಯಂತ್ರ ಒಂದೇ ಇದ್ದರೆ ಸ್ಟಾರ್‌ಡ್ಯೂ ವ್ಯಾಲಿ ಎಂಬ ತೋಟದ ವಿಡಿಯೋ ಗೇಮ್ ತೆಗೆದುಕೊಳ್ಳಿ. ನಾನು ಮೊದಲು ತೆಗೆದುಕೊಂಡದ್ದು ಎನಿಮಲ್ ಕ್ರಾಸಿಂಗ್: ನ್ಯೂ ಹೊರೈಝನ್ಸ್ ಎಂಬ ದ್ವೀಪದ ಆಟ. ಆ ತಪ್ಪು ಇನ್ನೊಬ್ಬರಿಗೆ ಆಗದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ದುಬೈಯಲ್ಲಿರುವ ಭಾವ ಕಳೆದ ಎಪ್ರಿಲ್‌ನಲ್ಲಿ ಪೆರ್ಲದ ನಮ್ಮ ಮನೆಗೆ ಬರುವಾಗ ನಿಂಟೆಂಡೊ ಸ್ವಿಚ್ ಎಂಬ ಆಟದ ಯಂತ್ರ ತಂದುಕೊಟ್ಟರು. ಮಗಳು ಏಳನೇ ಕ್ಲಾಸು, ಮಗ ನಾಲ್ಕನೇ ಕ್ಲಾಸು. ಆಟಕ್ಕೆಂದು ಮಂಗಳೂರಿನ ಒಂದು ಅಂಗಡಿಗೆ ಹೋದೆ. "ಸಣ್ಣ ಊರು, ಹೊಡೆದಾಟ ಇಲ್ಲ, ಇಬ್ಬರೂ ಬೇರೆ ಬೇರೆ ಆಡಬಹುದು" ಎಂದು ಹೇಳಿ ಎನಿಮಲ್ ಕ್ರಾಸಿಂಗ್ ಕೊಟ್ಟರು. ಕೊನೆಯ ಮಾತನ್ನು ನಂಬಿಯೇ ನಾಲ್ಕು ಸಾವಿರ ಚಿಲ್ಲರೆ ಕೊಟ್ಟದ್ದು.

ಈ ಆಟದಲ್ಲಿ ಒಂದು ಯಂತ್ರಕ್ಕೆ ಒಂದೇ ದ್ವೀಪ. ಇನ್ನೊಂದು ಕಾರ್ಟ್ರಿಜ್ ಕೊಂಡರೂ ಅಷ್ಟೇ, ಇನ್ನೊಂದು ಖಾತೆ ತೆರೆದರೂ ಅಷ್ಟೇ. ಮೊದಲು ಆಟ ತೆರೆದವರು ದ್ವೀಪದ ಪ್ರತಿನಿಧಿ. ನಮ್ಮಲ್ಲಿ ಅದು ಮಗಳು. ದ್ವೀಪಕ್ಕೆ ಹೆಸರಿಟ್ಟವಳು ಅವಳು. ಸಂಕ ಎಲ್ಲಿ, ಅಂಗಡಿ ಎಲ್ಲಿ, ಗುಡ್ಡಕ್ಕೆ ಮೆಟ್ಟಿಲು ಎಲ್ಲಿ ಎಂದು ನಿರ್ಧರಿಸುವವಳೂ ಅವಳು. ಮಗನಿಗೆ ಅದೇ ದ್ವೀಪದಲ್ಲಿ ಒಂದು ಡೇರೆ ಸಿಕ್ಕಿತು. ಅವನ ಡೇರೆಯ ಎದುರಿನ ಹೊಳೆಗೆ ಒಂದು ಸಂಕ ಬೇಕಿದ್ದರೂ ಅಕ್ಕನೇ ಮನಸ್ಸು ಮಾಡಬೇಕು. ಅವಳಿಗೆ ಪರೀಕ್ಷೆ ಶುರುವಾಗಿ ಎರಡು ವಾರ ಆಟ ಮುಟ್ಟದಿದ್ದಾಗ ದ್ವೀಪವೂ ಇದ್ದಲ್ಲೇ ನಿಂತಿತು. ಮಗ ದಿನಾ ಹಣ್ಣು ಕೊಯ್ದ, ಚಿಪ್ಪಿ ಹೆಕ್ಕಿದ. ಊರು ಒಂದಿಂಚು ಬೆಳೆಯಲಿಲ್ಲ.

ಇಬ್ಬರೂ ಒಟ್ಟಿಗೆ ಆಡಿದರೆ ಸರಿಯಾದೀತು ಎಂದುಕೊಂಡೆ. ಒಟ್ಟಿಗೆ ಆಡುವಾಗ ಒಬ್ಬರು ಮುಂದಾಳು, ಇನ್ನೊಬ್ಬರು ಅವರ ಹಿಂದೆಯೇ ಸುತ್ತಬೇಕು. ಹಿಂದೆ ಹೋಗುವವರು ತಮ್ಮ ಚೀಲ ತೆರೆಯುವ ಹಾಗಿಲ್ಲ. ಅವರು ಹಿಡಿದದ್ದು, ಹೆಕ್ಕಿದ್ದು ಎಲ್ಲ ಊರಿನ ಕಚೇರಿಯ ಮರುಬಳಕೆ ಡಬ್ಬಿಗೆ ಹೋಗಿ ಬೀಳುತ್ತದೆ. ನಮಗೆ ಅದು ಗೊತ್ತಿರಲಿಲ್ಲ. ಮಗ ಅರ್ಧ ಗಂಟೆ ಗಾಳ ಹಾಕಿ ಮೀನು ಹಿಡಿದು, ಆಮೇಲೆ ಚೀಲ ನೋಡಿದರೆ ಒಂದೂ ಇಲ್ಲ. ಆ ಸಂಜೆ ಅವನು ಅತ್ತದ್ದು ನನಗೆ ಮರೆಯುವುದಿಲ್ಲ. ಡಬ್ಬಿ ಎಲ್ಲಿದೆ ಎಂದು ಹುಡುಕಿಕೊಟ್ಟೆ, ಸಮಾಧಾನವಾಗಲಿಲ್ಲ. ಅವನಿಗೆ ಬೇಕಿದ್ದದ್ದು ಮೀನಲ್ಲ, ತನ್ನದೆನ್ನುವ ಒಂದು ಊರು. ಅದಕ್ಕೆ ಎರಡೇ ದಾರಿ: ಅಕ್ಕ ತಿಂಗಳುಗಟ್ಟಲೆ ಕಟ್ಟಿದ್ದನ್ನೆಲ್ಲ ಅಳಿಸಬೇಕು, ಇಲ್ಲವೇ ಇನ್ನೊಂದು ಯಂತ್ರ ಕೊಳ್ಳಬೇಕು. ಎರಡೂ ನನ್ನಿಂದಾಗದ ಕೆಲಸ.

ಸ್ಟಾರ್‌ಡ್ಯೂ ವ್ಯಾಲಿ ಇಳಿಸಿಕೊಂಡದ್ದು ಆಮೇಲೆ. ಅಮೆರಿಕದ ಬೆಲೆ 15 ಡಾಲರು, ಇನ್ನೊಂದರದ್ದು 60. ಇಲ್ಲಿ ಮಗಳಿಗೆ ಒಂದು ತೋಟ, ಮಗನಿಗೆ ಒಂದು ತೋಟ. ಒಬ್ಬರದ್ದು ಇನ್ನೊಬ್ಬರಿಗೆ ತಾಗುವುದಿಲ್ಲ. ಮೂರನೆಯದು ಇಬ್ಬರದ್ದೂ ಸೇರಿ: ಟಿವಿಗೆ ಜೋಡಿಸಿದರೆ ಪರದೆ ಎರಡು ಭಾಗವಾಗುತ್ತದೆ, ಇಬ್ಬರೂ ತಮಗೆ ಬೇಕಾದ ಕಡೆ ಓಡಾಡಬಹುದು. ಜಗಳ ಇಲ್ಲವೆಂದಲ್ಲ, ಯಾವ ಬೀಜ ಹಾಕುವುದು ಎಂಬ ಜಗಳ ಇದೆ. ಅದು ತೋಟದವರ ಮನೆಯಲ್ಲಿ ಇರುವಂಥದ್ದೇ.

ಇನ್ನು ಗಡಿಯಾರ. ಎನಿಮಲ್ ಕ್ರಾಸಿಂಗ್ ನಮ್ಮ ಗಡಿಯಾರದ ಪ್ರಕಾರವೇ ನಡೆಯುತ್ತದೆ. ಬದಿಯಡ್ಕದಲ್ಲಿ ಅಂಗಡಿಯ ಲೆಕ್ಕ ಮುಗಿಸಿ ಬಂದು, ಊಟವಾಗಿ, ಮಕ್ಕಳು ಮಲಗಿದ ಮೇಲೆ ನಾನು ಯಂತ್ರ ಹಿಡಿಯುವಾಗ ಹತ್ತೂವರೆ. ದ್ವೀಪದ ಅಂಗಡಿ ಹತ್ತಕ್ಕೇ ಬಾಗಿಲು ಹಾಕಿರುತ್ತದೆ. ಮಾರುವ ವಸ್ತುವನ್ನು ಹೊರಗಿನ ಪೆಟ್ಟಿಗೆಗೆ ಹಾಕಿ ಹೋದರೆ ಕ್ರಯದ 80 ಶೇಕಡಾ ಮಾತ್ರ. ಸ್ಟಾರ್‌ಡ್ಯೂನಲ್ಲಿ ಒಂದು ದಿನವೆಂದರೆ ಸುಮಾರು 14 ನಿಮಿಷ, ನಾನು ಯಾವಾಗ ತೆರೆದರೂ ಅಲ್ಲಿ ಬೆಳಿಗ್ಗೆ ಆರು. ಎರಡು ದಿನದ ಕೆಲಸ ಮಾಡಿ ಮಲಗುತ್ತೇನೆ.

ಅಪ್ಪನಿಗೂ ಸ್ಟಾರ್‌ಡ್ಯೂ ಹಿಡಿಸಿತು, ಆಡುವುದಿಲ್ಲ, ಚಾವಡಿಯಲ್ಲಿ ಮಗನ ಪಕ್ಕ ಕೂತು ನೋಡುತ್ತಾರೆ. "ಮಳೆ ಬಂದ ದಿನ ನೀರು ಬಿಡ್ಲಿಕ್ಕುಂಟೋ?" ಎಂದು ಕೇಳಿದರು. ಬೇಡ. ಆಟದೊಳಗಿನ ಟಿವಿ ಹಾಕಿದರೆ ನಾಳೆ ಮಳೆಯೋ ಬಿಸಿಲೋ ಎಂದು ಹೇಳುತ್ತದೆ, ಹೇಳಿದ ಹಾಗೆಯೇ ಆಗುತ್ತದೆ. "ಹಾಗಾದ್ರೆ ಆ ಊರಲ್ಲಿ ಮದ್ದು ಬಿಡ್ಲಿಕ್ಕೆ ಎಷ್ಟು ಸುಲಭ!" ಎಂದರು. ಜೂನ್ ತಿಂಗಳಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಲು ಮಳೆಯ ನಡುವಿನ ಒಂದು ಹೊಳವಿಗಾಗಿ ಮುಗಿಲು ನೋಡಿ ಕಾಯುವವರಿಗೆ ಅದು ದೊಡ್ಡ ಸಂಗತಿ. ಆಟದಲ್ಲಿ ಒಂದು ಋತುವಿಗೆ 28 ದಿನ. ಋತು ದಾಟಿದರೆ ಆ ಋತುವಿನ ಬೆಳೆ ಒಣಗುತ್ತದೆ. ಹನ್ನೆರಡು ದಿನ ಬೇಕಾಗುವ ಹೂಕೋಸನ್ನು ಮಗ 20ಕ್ಕೆ ನೆಟ್ಟಾಗ ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿ "ಆಗುದಿಲ್ಲ" ಎಂದಿದ್ದರು. ಆಗಲಿಲ್ಲ. ಈಗ ನೆಡುವ ಮೊದಲು ಅಜ್ಜನನ್ನು ಕೇಳುತ್ತಾನೆ.

ಎನಿಮಲ್ ಕ್ರಾಸಿಂಗ್‌ನಲ್ಲಿ ಅಪ್ಪನಿಗೆ ರುಚಿಸಿದ್ದು ಟರ್ನಿಪ್ ಗೆಡ್ಡೆಯ ವ್ಯಾಪಾರ ಮಾತ್ರ. ಭಾನುವಾರ ಮಧ್ಯಾಹ್ನದೊಳಗೆ ಕೊಳ್ಳಬೇಕು, ವಾರದೊಳಗೆ ಮಾರಬೇಕು, ಧಾರಣೆ ದಿನಕ್ಕೆ ಎರಡು ಸಲ ಬದಲು. ಮುಂದಿನ ಭಾನುವಾರಕ್ಕೆ ಕೊಳೆತುಹೋಗುತ್ತದೆ. ಹೊಸ ಅಡಿಕೆಯನ್ನು ಒಳಗಿಟ್ಟು ಹಳತು ಮಾಡಿ ಮಾರುವ ನಮಗೆ ಆ ಅವಸರ ಒಗ್ಗುವಂಥದ್ದಲ್ಲ.

ಮ್ಯೂಸಿಯಂ ಮಾತ್ರ ಎನಿಮಲ್ ಕ್ರಾಸಿಂಗ್‌ನದ್ದೇ ಚಂದ. ಅಮ್ಮ ಅದರ ಮೀನಿನ ಕೋಣೆ ನೋಡುತ್ತಾ ಕೂರುತ್ತಾರೆ.

ಎರಡರಲ್ಲೂ ಕನ್ನಡ ಇಲ್ಲ. ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ. ಎನಿಮಲ್ ಕ್ರಾಸಿಂಗ್ ಎಂದರೆ ಮಾತೇ ಮಾತು, ಮಗ ಓದದೆ ಗುಂಡಿ ಒತ್ತುತ್ತಾ ಹೋಗುತ್ತಿದ್ದ. ಸ್ಟಾರ್‌ಡ್ಯೂನಲ್ಲಿ ಬೀಜದ ಹೆಸರು, ಎಷ್ಟು ದಿನ, ಎಷ್ಟು ಕ್ರಯ ಎಂದು ಓದಲೇಬೇಕು, ಹಾಗಾಗಿ ಓದುತ್ತಾನೆ.

ಸ್ಟಾರ್‌ಡ್ಯೂನ ದೋಷ: ಸ್ವಿಚ್‌ನಲ್ಲಿ ಆಟದೊಳಗೆ ಮಲಗಿದರೆ ಮಾತ್ರ ಆಡಿದ್ದು ಉಳಿಯುತ್ತದೆ. ನಡುವೆ ಬ್ಯಾಟರಿ ಮುಗಿದರೆ ಆ ದಿನ ಹೋಯಿತು. ಮಳೆಗಾಲದಲ್ಲಿ ಸಂಜೆ ಹೋದ ಕರೆಂಟು ಬೆಳಿಗ್ಗೆ ಬರುವ ನಮ್ಮ ಊರಲ್ಲಿ ಇದು ಎರಡು ಸಲ ಆಗಿದೆ.

ಒಬ್ಬರೇ ಆಡುವವರು, ದಿನಾ ಹಗಲು ಅರ್ಧ ಗಂಟೆ ಬಿಡುವಿರುವವರು ಎನಿಮಲ್ ಕ್ರಾಸಿಂಗ್ ಕೊಂಡರೆ ಬೇಸರಪಡಲಿಕ್ಕಿಲ್ಲ. ಉಳಿದವರು ಮೊದಲು ಫೋನಿನಲ್ಲಿ ಸ್ಟಾರ್‌ಡ್ಯೂ ಆಡಿ ನೋಡಿ, ಅಲ್ಲಿ ಇನ್ನೂ ಅಗ್ಗ, ಜಾಹೀರಾತೂ ಇಲ್ಲ. ಬರುವ ಎಪ್ರಿಲ್‌ನಲ್ಲಿ ಊರಿಗೆ ಬರುವಾಗ ಮಕ್ಕಳಿಗೆ ಏನು ತರಲಿ, ಇನ್ನೊಂದು ಸ್ವಿಚ್ ಬೇಕೋ ಎಂದು ಭಾವ ಕೇಳಿದ್ದಾರೆ. ಬೇಡ, ಒಂದು ಒಳ್ಳೆಯ ಪವರ್ ಬ್ಯಾಂಕ್ ಸಾಕು ಎಂದಿದ್ದೇನೆ.