ಫ್ರಿಜ್ ಕೆಟ್ಟಿರಲಿಲ್ಲ, ಉಸಿರು ಕಟ್ಟಿತ್ತು: ಪಿಕಪ್ ಕ್ಯಾಂಪರ್‌ನಲ್ಲಿ ಎರಡು ವರ್ಷ

ಈ 50 ಲೀಟರ್‌ನ 12 ವೋಲ್ಟ್ ಫ್ರಿಜ್ ಬಗ್ಗೆ ಮೊದಲ ಬೇಸಿಗೆಯಲ್ಲೇ ಬರೆದಿದ್ದರೆ ಐದಕ್ಕೆ ಒಂದು ಸ್ಟಾರ್ ಕೊಡುತ್ತಿದ್ದೆ. ಈಗ ನಾಲ್ಕು ಕೊಡುತ್ತೇನೆ. ಫ್ರಿಜ್ ಅದೇ. ಬದಲಾಗಿದ್ದು ಅದು ಕೂತಿರುವ ಗೂಡು.

ನಮ್ಮದು ಬೊಲೆರೊ ಪಿಕಪ್. ತುಮಕೂರಿನ ಒಂದು ಬಾಡಿ ಕಟ್ಟುವ ಶೆಡ್‌ನಲ್ಲಿ ಹಿಂದೆ ಪುಟ್ಟ ಕೋಣೆ ಮಾಡಿಸಿದ್ದೇನೆ. ಒಳಗೆ ಪ್ಲೈವುಡ್, ಹೊರಗೆ ತಗಡು. ರಜೆ ಸಿಕ್ಕಾಗ ನಾನು, ಹೆಂಡತಿ, ಅಪ್ಪ ಹೊರಡುತ್ತೇವೆ. ಅಪ್ಪ ಇನ್ಸುಲಿನ್ ತಗೊಳ್ಳುತ್ತಾರೆ. ಸೀಲ್ ತೆಗೆಯದ ಬಾಟಲಿ 2ರಿಂದ 8 ಡಿಗ್ರಿ ಒಳಗೇ ಇರಬೇಕು, ಹೆಪ್ಪುಗಟ್ಟಲೂ ಬಾರದು. ಹಾಗಾಗಿ ಫ್ರಿಜ್ ನಮಗೆ ಶೋಕಿಯ ಸಾಮಾನಲ್ಲ.

ಏಪ್ರಿಲ್‌ನಲ್ಲಿ ಪಾವಗಡಕ್ಕೆ ಹೋಗಿದ್ದೆವು. ಶನಿಮಹಾತ್ಮನ ದರ್ಶನ ಮುಗಿಸಿ ಬಂದು ನೋಡಿದರೆ ಫ್ರಿಜ್ ಒಳಗೆ 12 ಡಿಗ್ರಿ. ಮೊಸರು ಹುಳಿ ಹಿಡಿದಿತ್ತು. ಕಂಪ್ರೆಸರ್ ಮಾತ್ರ ಬಿಡುವಿಲ್ಲದೆ ಗುಂಯ್ ಅನ್ನುತ್ತಲೇ ಇತ್ತು. ಅಪ್ಪನಿಗೆ ಅಲ್ಲೇ ಔಷಧಿ ಅಂಗಡಿಯಲ್ಲಿ ಹೊಸ ಬಾಟಲಿ ಕೊಂಡೆವು. ವಾಪಸ್ ಬಂದ ಮೇಲೆ ರಿಪೇರಿಯವರು ಗ್ಯಾಸ್ ಕಡಿಮೆಯಾಗಿದೆ ಅಂತ ತುಂಬಿಸಿ ದುಡ್ಡು ತಗೊಂಡರು. ಮುಂದಿನ ವಾರವೂ ಅದೇ ಕಥೆ.

ಕಾರಣ ಹಿಡಿದದ್ದು ನನ್ನ ಹೆಂಡತಿ. "ರೀ, ಇಲ್ಲಿ ನೋಡಿ, ಬೆಲ್ಲ ಕರಗಿ ಡಬ್ಬಿಗೆ ಅಂಟ್ಕೊಂಡಿದೆ" ಅಂದಳು. ಫ್ರಿಜ್ ಮೇಲಿನ ಕಪಾಟಿನಲ್ಲಿಟ್ಟಿದ್ದ ಅಚ್ಚುಬೆಲ್ಲ. ಹಿಂದಕ್ಕೆ ಕೈ ಹಾಕಿದೆ. ದೋಸೆ ಕಾವಲಿ ಹತ್ತಿರ ಕೈ ಹಿಡಿದಂತಿತ್ತು. ಥರ್ಮಾಮೀಟರ್ ಇಟ್ಟರೆ 54 ಡಿಗ್ರಿ.

ಫ್ರಿಜ್ ತಂಪನ್ನು ಎಲ್ಲಿಂದಲೋ ತರುವುದಿಲ್ಲ, ಅಲ್ವಾ? ಒಳಗಿನ ಶಾಖವನ್ನು ಹಿಂದಿನ ಕಾಯಿಲ್ ಮೂಲಕ ಹೊರಗೆ ಹಾಕುತ್ತದೆ, ಅಷ್ಟೇ. ಆ ಬಿಸಿಗಾಳಿಗೆ ದಾರಿ ಇಲ್ಲದಿದ್ದರೆ ಕಾಯಿಲ್‌ಗೆ ಮತ್ತೆ ಅದೇ ಬಿಸಿಗಾಳಿ. ಮೇಸ್ತ್ರಿಯನ್ನು ಕೇಳಿದರೆ, "ಗಾಳಿಗೆ ಕಿಂಡಿ ಬಿಟ್ಟಿದೀನಲ್ಲ ಸಾರ್" ಅಂದರು. ಬಿಟ್ಟಿದ್ದರು, ಕೆಳಗೆ ಒಂದು. ಅದಕ್ಕೂ ಸೊಳ್ಳೆ ಪರದೆಯ ಒತ್ತು ಜಾಲರಿ, ಅದರ ತುಂಬ ಧೂಳು. ಹಳ್ಳಿ ಮನೆಯ ಅಡುಗೆಮನೆ ಸೂರಿನಲ್ಲಿ ಹೊಗೆ ಹೋಗಲು ಗವಾಕ್ಷಿ ಇರುತ್ತಿತ್ತಲ್ಲ, ಅದು ಇಲ್ಲಿ ಮರೆತುಹೋಗಿತ್ತು.

ಅದಕ್ಕೂ ಮುಂಚೆ ನಾನೇ ಒಂದು ಪೆದ್ದುತನ ಮಾಡಿದ್ದೆ. ಬಿಸಿಲು ತಾಗದಿರಲಿ ಅಂತ ಫ್ರಿಜ್‌ನ ಎರಡೂ ಪಕ್ಕಕ್ಕೆ ಥರ್ಮೋಕೋಲ್ ಅಂಟಿಸಿದ್ದೆ. ಇದರಲ್ಲಿ ಶಾಖ ಬಿಡುವ ಕೊಳವೆಯ ಸ್ವಲ್ಪ ಭಾಗ ಪಕ್ಕದ ತಗಡಿನ ಹಿಂದೆಯೇ ಅಡಗಿದೆಯಂತೆ. ಅಂದರೆ ಬೇಸಿಗೆಯಲ್ಲಿ ಅದಕ್ಕೆ ಕಂಬಳಿ ಹೊದಿಸಿದ್ದೆ! ನೀವೂ ಅಂಟಿಸುವ ಮುಂಚೆ ಫ್ರಿಜ್ ಅರ್ಧ ಗಂಟೆ ಓಡಲಿ, ಆಮೇಲೆ ಪಕ್ಕಕ್ಕೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದ ಕಡೆ ಏನೂ ಅಂಟಿಸಬೇಡಿ.

ಥರ್ಮೋಕೋಲ್ ಕಿತ್ತು ಹಾಕಿದೆ. ಅದರ ಬದಲು ಗೂಡಿನ ಹೊರಗೋಡೆಯ ಒಳಮೈಗೆ ಒಂದು ಇಂಚಿನ ಎಕ್ಸ್‌ಪಿಎಸ್ ಅನ್ನುವ ಫೋಮ್ ಹಾಳೆ ಹಾಕಿದೆ. ಥರ್ಮೋಕೋಲ್‌ಗಿಂತ ಗಟ್ಟಿ, ಅಷ್ಟೇ ದಪ್ಪಕ್ಕೆ ಶಾಖವನ್ನೂ ಹೆಚ್ಚು ತಡೆಯುತ್ತದೆ. ಈಗ ಪಶ್ಚಿಮದ ಬಿಸಿಲು ತಗಡಿಗೆ ಬಿದ್ದರೂ ಒಳಗೆ ಅಷ್ಟಾಗಿ ಬರುವುದಿಲ್ಲ. ಫ್ರಿಜ್ ಮುಂಭಾಗದ ಸಂದಿಗೆ ಫೋಮ್ ಟೇಪ್. ಮೇಲೆ ಇನ್ನೊಂದು ಕಿಂಡಿ ಕೊರೆಸಿ, ಮಳೆ ನೀರು ಬರದಂತೆ ಕೆಳಮುಖದ ಪಟ್ಟಿಗಳನ್ನು ಕೂರಿಸಿದೆವು.

ಆಮೇಲೆ ಊದುಬತ್ತಿ ಹಚ್ಚಿ ಕೆಳಗಿನ ಕಿಂಡಿ ಹತ್ತಿರ ಹಿಡಿದೆ. ಹೊಗೆ ಒಳಗೆ ಹೋಯಿತು, ಆದರೆ ಹೊರಗೋಡೆಗೆ ಅಂಟಿಕೊಂಡು ನೆಟ್ಟಗೆ ಮೇಲಕ್ಕೆ ಹೋಯಿತು. ಕಾಯಿಲ್ ಕಡೆ ತಿರುಗಿಯೂ ನೋಡಲಿಲ್ಲ. ಹಿಂದೆ ನಾಲ್ಕು ಇಂಚು ಜಾಗ ಬಿಟ್ಟಿದ್ದೇ ಎಡವಟ್ಟಾಗಿತ್ತು. ಮಂಡಿಪೇಟೆಯಿಂದ ಅಲ್ಯೂಮಿನಿಯಂ ತಗಡು ತಂದು, ಬಗ್ಗಿಸಿ, ಗೋಡೆಗೆ ಬಡಿದೆ. ಕಾಯಿಲ್‌ಗೂ ಅದಕ್ಕೂ ಈಗ ಒಂದೇ ಇಂಚು. ಇನ್ನೊಂದು ತುಂಡು ಫ್ರಿಜ್ ತಲೆಯ ಮೇಲೆ ಓರೆಯಾಗಿ ನಿಂತು, ಬಿಸಿಗಾಳಿ ಅಲ್ಲೇ ಸುಳಿದಾಡದಂತೆ ಹೊರಗೆ ತಳ್ಳುತ್ತದೆ. ಮತ್ತೆ ಊದುಬತ್ತಿ. ಈ ಸಲ ಹೊಗೆ ಕಾಯಿಲ್ ಸಂದಿಯಲ್ಲೇ ನುಸುಳಿ ಮೇಲಿನ ಕಿಂಡಿಯಿಂದ ಬಂತು.

ಗಾಳಿ ಆಡದ ದಿನಕ್ಕೆ ಕಂಪ್ಯೂಟರ್‌ನ 120 ಮಿಲಿಮೀಟರ್ ಫ್ಯಾನ್ ಎರಡು. 40 ಡಿಗ್ರಿ ದಾಟಿದರೆ ತಾನಾಗಿ ಆನ್ ಆಗುವ ಪುಟ್ಟ ಸ್ವಿಚ್. ಒಂದು ಫ್ಯಾನನ್ನು ಮೊದಲು ಉಲ್ಟಾ ಹಾಕಿದ್ದೆ. ಅದನ್ನೂ ಊದುಬತ್ತಿಯೇ ಹೇಳಿತು. ಫ್ಯಾನ್ ಪಕ್ಕದಲ್ಲಿ ಬಾಣದ ಗುರುತು ಇದ್ದರೆ ನೋಡಿಕೊಳ್ಳಿ, ಮರ್ಯಾದೆ ಉಳಿಯುತ್ತದೆ. ಎಲ್ಲ ಸೇರಿ 3,000 ರೂಪಾಯಿ ಒಳಗೇ ಆಯಿತು.

ಈ ಬೇಸಿಗೆ ಮತ್ತೆ ಪಾವಗಡ. ಹೊರಗೆ 37, ಫ್ರಿಜ್ ಹಿಂದೆ 42, ಒಳಗೆ 5. ಕಂಪ್ರೆಸರ್ ಗಂಟೆಗೆ ಸುಮಾರು ಅರ್ಧ ಗಂಟೆ ಓಡುತ್ತದೆ. ನಮ್ಮ ಫ್ರಿಜ್ ಓಡುವಾಗ ಸುಮಾರು 4 ಆಂಪಿಯರ್ ಎಳೆಯುತ್ತದೆ. ಮೊದಲು 12 ಗಂಟೆಗೆ 48 ಆಂಪಿಯರ್ ಅವರ್ ಖಾಲಿ. ನಮ್ಮದು 100ರ ಲೆಡ್ ಆಸಿಡ್ ಬ್ಯಾಟರಿ, ಅರ್ಧಕ್ಕಿಂತ ಜಾಸ್ತಿ ಇಳಿಸಿದರೆ ಬೇಗ ಸಾಯುತ್ತದೆ. ಈಗ ಅದರ ಅರ್ಧವೇ ಸಾಕು. ಬ್ಯಾಟರಿಯಿಂದ ಬರುವ ವೈರನ್ನೂ ದಪ್ಪದ್ದು ಹಾಕಿಸಿದೆ. ತೆಳು ವೈರ್‌ನಲ್ಲಿ ವೋಲ್ಟೇಜ್ ಇಳಿದು ಫ್ರಿಜ್ ಸುಮ್ನೆ ಕೈಕೊಡುತ್ತಿತ್ತು.

ಅಡುಗೆ ಗ್ಯಾಸಿನ ಉರಿಯಲ್ಲಿ ಓಡುವ ಅಮೋನಿಯಾ ಫ್ರಿಜ್ ಇರುವವರಿಗೆ ಒಂದು ಮಾತು. ಅದರಲ್ಲಿ ಕಂಪ್ರೆಸರ್ ಇಲ್ಲ, ಹಿಂದೆ ಗಾಳಿ ಸರಿಯಾಗಿ ಆಡದಿದ್ದರೆ ಇದಕ್ಕಿಂತ ಬೇಗ ಸೋಲುತ್ತದೆ. ಗಾಡಿಯೂ ಮಟ್ಟಸವಾಗಿ ನಿಂತಿರಬೇಕು. ಉರಿಯ ಹೊಗೆ ಮಲಗುವ ಕಡೆ ನುಸುಳದಂತೆ ಗೂಡನ್ನು ಕೋಣೆಯ ಕಡೆಯಿಂದ ಪೂರ್ತಿ ಸೀಲ್ ಮಾಡಲೇಬೇಕು, ಹೊರಗಿನ ಕಿಂಡಿಗಳನ್ನಲ್ಲ.

ಆ ಒಂದು ಸ್ಟಾರ್ ಯಾಕೆ ಕಳೆದೆ ಅಂದರೆ, ಬಾಗಿಲಿನ ಚಿಲಕ. ಮಧುಗಿರಿ ದಾಟಿ ಹಳ್ಳಿ ರಸ್ತೆಗೆ ಇಳಿದರೆ ಸಾಕು, ತಾನಾಗಿ ತೆಗೆದುಕೊಳ್ಳುತ್ತದೆ. ಸದ್ಯಕ್ಕೆ ಅಪ್ಪನ ಹಳೇ ಬೆಲ್ಟ್ ಬಿಗಿದಿದ್ದೇನೆ.