ಹೃದ್ರೋಗ ಸಂಶೋಧಕರ ಸಾಧನೆ: ಗೂಗಲ್ ಸ್ಕಾಲರ್‌ನಲ್ಲಿ ನೋಡಬೇಕೇ, ಸ್ಕೋಪಸ್‌ನಲ್ಲೇ?

ಹೃದಯದ ವಿಷಯದಲ್ಲಿ ಪಿಎಚ್‌ಡಿ ಮಾಡಲು ಗೈಡ್ ಹುಡುಕುತ್ತಿದ್ದರೆ, ಅವರ ಪ್ರಬಂಧಗಳನ್ನು ನೋಡಲೇಬೇಕು, ಅಲ್ವಾ? ಎಲ್ಲಿ ನೋಡುತ್ತೀರಿ ಅನ್ನೋದರ ಮೇಲೆ ಅವುಗಳ ಸೈಟೇಷನ್ ಸಂಖ್ಯೆಯೇ, ಅಂದರೆ ಬೇರೆಯವರು ತಮ್ಮ ಬರಹಗಳಲ್ಲಿ ಅವನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನೋ ಲೆಕ್ಕವೇ, ಬದಲಾಗುತ್ತದೆ.

ಗೂಗಲ್ ಸ್ಕಾಲರ್ ಪ್ರಬಂಧಗಳನ್ನು ಹುಡುಕುವ ಉಚಿತ ತಾಣ. ಜರ್ನಲ್ ಪ್ರಬಂಧಗಳ ಜೊತೆ ಪುಸ್ತಕ, ಥೀಸಿಸ್, ಪ್ರಿಪ್ರಿಂಟ್‌ಗಳಲ್ಲಿನ (ಜರ್ನಲ್‌ನ ಪರಿಶೀಲನೆಗೆ ಮೊದಲೇ ಹಾಕಿದ ಪ್ರಬಂಧಗಳು) ಉಲ್ಲೇಖಗಳನ್ನೂ ಎಣಿಸುತ್ತದೆ. ಹಾಗಾಗಿ ಸೈಟೇಷನ್ ಜಾಸ್ತಿ ಕಾಣುತ್ತದೆ. ಅದೇ ಹೆಸರಿನ ಬೇರೆಯವರ ಪ್ರಬಂಧಗಳೂ ಒಮ್ಮೊಮ್ಮೆ ಸೇರಿಕೊಳ್ಳುತ್ತವೆ. ಸ್ಕೋಪಸ್ ಎಂಬ ಪ್ರಬಂಧಗಳ ಡೇಟಾಬೇಸ್ ಆಯ್ದ ಪ್ರಕಟಣೆಗಳನ್ನಷ್ಟೇ ಎಣಿಸುತ್ತದೆ. ಪೂರ್ತಿ ಬಳಸಲು ಚಂದಾ ಬೇಕು. ಇಬ್ಬರನ್ನು ಹೋಲಿಸಲು ನಾನು ಸ್ಕೋಪಸ್ಸನ್ನೇ ನಂಬುತ್ತೇನೆ. ಒಬ್ಬರದ್ದು ಇಲ್ಲಿ, ಇನ್ನೊಬ್ಬರದ್ದು ಅಲ್ಲಿ ನೋಡಿದರೆ ಮಾತ್ರ ಅನ್ಯಾಯ.

ಇನ್ನು ಒಟ್ಟು ಸೈಟೇಷನ್ನೋ, ಎಚ್-ಇಂಡೆಕ್ಸೋ? ಹೃದ್ರೋಗದಲ್ಲಿ ಒಟ್ಟು ಸಂಖ್ಯೆ ಸುಲಭವಾಗಿ ದಾರಿ ತಪ್ಪಿಸುತ್ತದೆ. ಚಿಕಿತ್ಸಾ ಮಾರ್ಗಸೂಚಿಯ ಒಂದೇ ಪ್ರಬಂಧಕ್ಕೆ ಸಾವಿರಾರು ಸೈಟೇಷನ್ ಬರಬಹುದು. ಲೇಖಕರ ಪಟ್ಟಿಯಲ್ಲಿ ಹತ್ತಾರು ಹೆಸರುಗಳಿರುತ್ತವೆ. ರೋಗಿಗಳ ಮೇಲೆ ಚಿಕಿತ್ಸೆಯನ್ನು ಪರೀಕ್ಷಿಸುವ ದೊಡ್ಡ ಟ್ರಯಲ್‌ಗಳೂ ಹಾಗೇ. ಹೃದಯಾಘಾತದಲ್ಲಿ ಆಸ್ಪಿರಿನ್ ಜೀವ ಉಳಿಸುತ್ತದೆ ಎಂದು 1988ರಲ್ಲಿ ತೋರಿಸಿದ ಐಸಿಸ್-2 ಅಧ್ಯಯನದಲ್ಲಿ 17,187 ರೋಗಿಗಳಿದ್ದರು, 417 ಆಸ್ಪತ್ರೆಗಳು ಕೈಜೋಡಿಸಿದ್ದವು. ಅಂಥ ಕೆಲಸದಲ್ಲಿ ಯಾರ ಪಾಲೆಷ್ಟು ಅಂತ ಸಂಖ್ಯೆ ಹೇಳುವುದಿಲ್ಲ.

ಭೌತವಿಜ್ಞಾನಿ ಹಿರ್ಷ್ 2005ರಲ್ಲಿ ಸೂಚಿಸಿದ ಎಚ್-ಇಂಡೆಕ್ಸ್ ಇದಕ್ಕಿಂತ ಮೇಲು. ಅದು 30 ಅಂದರೆ, 30 ಪ್ರಬಂಧಗಳಿಗೆ ತಲಾ ಕನಿಷ್ಠ 30 ಸೈಟೇಷನ್ ಬಂದಿವೆ ಎಂದರ್ಥ. ಒಂದೇ ಪ್ರಬಂಧದ ಹೊಡೆತದಿಂದ ಅದು ಏರುವುದಿಲ್ಲ. ಆದರೆ ವಯಸ್ಸಾದಂತೆ ಏರುತ್ತಲೇ ಹೋಗುತ್ತದೆ, ಇಳಿಯುವುದು ಅಪರೂಪ. ಚಿಕ್ಕ ವಯಸ್ಸಿನ ಒಳ್ಳೆಯ ಗೈಡ್‌ಗಳನ್ನು ಇದೊಂದನ್ನೇ ನೋಡಿ ಬಿಡಬೇಡಿ. ಕಳೆದ ಐದು ವರ್ಷಗಳಲ್ಲಿ ಅವರು ಮೊದಲ ಅಥವಾ ಕೊನೆಯ ಲೇಖಕರಾಗಿರುವ ಪ್ರಬಂಧಗಳನ್ನು ತೆಗೆದು ಓದಿ; ಸಾಮಾನ್ಯವಾಗಿ ಮುಖ್ಯ ಕೆಲಸ ಮಾಡಿದವರ ಹೆಸರು ಮೊದಲು, ಗೈಡ್ ಹೆಸರು ಕೊನೆಗೆ ಬರುತ್ತದೆ. ಅವರ ವಿದ್ಯಾರ್ಥಿಗಳ ಹೆಸರು ಮೊದಲು ಬಂದಿದೆಯೇ ನೋಡಿ.