ಗುಪ್ತರೋಗದ ಫಲಕ ನೋಡಿ ಮೆಟ್ಟಿಲು ಹತ್ತುವ ಮುನ್ನ

ಕಾಂಡೋಮ್ ಇಲ್ಲದೆ ಲೈಂಗಿಕ ಸಂಪರ್ಕ ನಡೆದು, ರೋಗವೇನಾದರೂ ಅಂಟಿರಬಹುದೇ ಎಂದು ಹೆದರಿರುವವರು ‘ಗುಪ್ತರೋಗ, ನರದೌರ್ಬಲ್ಯಕ್ಕೆ ಗ್ಯಾರಂಟಿ ಚಿಕಿತ್ಸೆ’ ಎಂದು ಬಸ್ ನಿಲ್ದಾಣದ ಗೋಡೆಗಳ ಮೇಲೆ ಬರೆಸಿಕೊಳ್ಳುವ ಕ್ಲಿನಿಕ್ಕುಗಳಿಗೆ ದಯವಿಟ್ಟು ಹೋಗಬೇಡಿ. ನಾನು ಹೋದ ಕ್ಲಿನಿಕ್ಕಿನ ಹೆಸರು ಇಲ್ಲಿ ಬೇಡ. ಅಂಥವು ಎಲ್ಲ ಊರುಗಳಲ್ಲೂ ಇವೆ.

ಅಲ್ಲಿದ್ದ ವ್ಯಕ್ತಿ ಮೊದಲು ಕೇಳಿದ್ದು ನನ್ನ ಕೆಲಸವೇನು, ಸಂಬಳವೆಷ್ಟು ಎಂದು. ಸಂಪರ್ಕವಾಗಿ ಎಷ್ಟು ಹೊತ್ತಾಯಿತೆಂದು ಕೊನೆಯವರೆಗೂ ಕೇಳಲಿಲ್ಲ. ನಾಡಿ ಹಿಡಿದು, ಮೂತ್ರದ ಗಾಜಿನ ನಳಿಗೆಯನ್ನು ಟ್ಯೂಬ್‌ಲೈಟಿನ ಬೆಳಕಿಗೆ ಎತ್ತಿ ನೋಡಿ, ‘ರಕ್ತ ಕೆಟ್ಟಿದೆ, ಧಾತು ಹೋಗುತ್ತಿದೆ, ತಡಮಾಡಿದರೆ ಮದುವೆಯಾಗಿ ಪ್ರಯೋಜನವಿಲ್ಲ’ ಎಂದರು. ಹೆಸರಾಗಲಿ ತಯಾರಿಕೆಯ ದಿನಾಂಕವಾಗಲಿ ಇಲ್ಲದ ಕಂದು ಪುಡಿಯ ಪೊಟ್ಟಣಗಳಿಗೆ ಅರ್ಧ ತಿಂಗಳ ಸಂಬಳ ಹೋಯಿತು. ಕೊಟ್ಟ ಚೀಟಿಯಲ್ಲಿ ನೋಂದಣಿ ಸಂಖ್ಯೆಯಿರಲಿ, ಸಹಿಯೂ ಇರಲಿಲ್ಲ.

ಹಣಕ್ಕಿಂತ ದೊಡ್ಡ ನಷ್ಟ ಸಮಯದ್ದು. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆಗಳನ್ನು ಸಂಪರ್ಕವಾದ 72 ಗಂಟೆಗಳೊಳಗೆ, ಆದಷ್ಟು ಬೇಗ ಆರಂಭಿಸಿ 28 ದಿನ ನುಂಗಬೇಕು. ಎಲ್ಲರಿಗೂ ಅವು ಬೇಕಾಗುವುದಿಲ್ಲ. ಆದರೆ ಬೇಕೋ ಬೇಡವೋ ಎಂದು ತೂಗಿ ಹೇಳಬಲ್ಲ ವೈದ್ಯರನ್ನು ಕಾಣಬೇಕಾಗಿದ್ದ ಹೊತ್ತು ಆ ಪುಡಿಯಲ್ಲಿ ಕಳೆದುಹೋಯಿತು.

ಅಲ್ಲಿ ಸರದಿಗೆ ಕಾಯುತ್ತಿದ್ದ ಹಿರಿಯರೊಬ್ಬರು ತಮ್ಮ ಹುಣ್ಣು ಇದೇ ಪುಡಿಯಿಂದ ಮಾಯವಾಯಿತೆಂದು ನನಗೆ ಧೈರ್ಯ ಹೇಳಿದ್ದರು. ಲೈಂಗಿಕ ಸಂಪರ್ಕದಿಂದ ಅಂಟುವ ಸಿಫಿಲಿಸ್‌ ರೋಗದ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಔಷಧವಿಲ್ಲದೆಯೂ ಮೂರರಿಂದ ಆರು ವಾರಗಳಲ್ಲಿ ತಾನಾಗಿ ಒಣಗುತ್ತದೆ, ರೋಗ ಮಾತ್ರ ಒಳಗೇ ಉಳಿಯುತ್ತದೆ. ಅದಕ್ಕೆ ಮದ್ದು ಪೆನಿಸಿಲಿನ್ ಚುಚ್ಚುಮದ್ದು. ಪುಡಿಗೆ ಬರುವ ಕೀರ್ತಿಯ ಗುಟ್ಟು ಇಷ್ಟೇ. ಆ ಹಿರಿಯರ ಹೆಂಡತಿಯನ್ನು ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ.

ಅದೇ ವಾರ ಕ್ಲಿನಿಕ್ಕಿನ ಆ ವ್ಯಕ್ತಿ ತಾವು ಹೇಳಿದ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ದುಬಾರಿ ಪ್ಯಾಕೇಜೊಂದನ್ನೂ ಮಾಡಿಸಿ, ನೆಗೆಟಿವ್ ವರದಿ ಬಂದಾಗ ‘ಔಷಧ ಕೆಲಸ ಮಾಡಿತು’ ಎಂದರು. ಅಷ್ಟು ಬೇಗ ಮಾಡಿದ ಪರೀಕ್ಷೆ ಆ ಸಂಪರ್ಕದ ಬಗ್ಗೆ ಏನನ್ನೂ ಹೇಳುವುದಿಲ್ಲ. ಎಚ್‌ಐವಿಯನ್ನು ಖಚಿತವಾಗಿ ಅಲ್ಲಗಳೆಯಲು, ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಮಾಡುವ, ವೈರಸ್ಸಿನ ಅಂಶವನ್ನೂ ಅದರ ವಿರುದ್ಧ ದೇಹ ತಯಾರಿಸುವ ಆ್ಯಂಟಿಬಾಡಿಯನ್ನೂ ಹುಡುಕುವ ಆ್ಯಂಟಿಜನ್-ಆ್ಯಂಟಿಬಾಡಿ ಪರೀಕ್ಷೆಗೆ 45 ದಿನ, ಆ್ಯಂಟಿಬಾಡಿಯನ್ನಷ್ಟೇ ಹುಡುಕುವ ರ‍್ಯಾಪಿಡ್ ಪರೀಕ್ಷೆಗೆ 90 ದಿನ ಕಳೆದಿರಬೇಕು.

ಕೊನೆಗೆ ನಾನು ಹೋದದ್ದು ಸರ್ಕಾರಿ ಆಸ್ಪತ್ರೆಯ ಐಸಿಟಿಸಿ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷೆಯ ಕೇಂದ್ರಕ್ಕೆ. ಅಲ್ಲಿನ ಆಪ್ತಸಮಾಲೋಚಕಿಯ ಮೊದಲ ಪ್ರಶ್ನೆಯೇ ‘ಯಾವಾಗ ಆದದ್ದು ಸರ್?’ ಎಂದಾಗಿತ್ತು. ಮೊಬೈಲ್ ಟಾರ್ಚ್ ಹಿಡಿದು ದಿನವಿಡೀ ಚರ್ಮ ಪರೀಕ್ಷಿಸಿಕೊಳ್ಳುವುದನ್ನು ಬಿಡಿ, ಪರೀಕ್ಷೆ ಮುಗಿಯುವವರೆಗೆ ಕಾಂಡೋಮ್ ಬಳಸಿ ಎಂದು ಹೇಳಿ, ಸಿಫಿಲಿಸ್ ಮತ್ತಿತರ ಸೋಂಕುಗಳಿಗಾಗಿ ಪಕ್ಕದಲ್ಲೇ ಇದ್ದ, ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ಕೊಡುವ ಸರ್ಕಾರಿ ಸುರಕ್ಷಾ ಕ್ಲಿನಿಕ್ಕಿಗೆ ಕಳಿಸಿದರು. ಪರೀಕ್ಷೆ ಉಚಿತ; ಫಲಿತಾಂಶವನ್ನು ಗುಟ್ಟಾಗಿಡಬೇಕೆಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಹೋಗಲು ಸಂಕೋಚವಾದರೆ ಮೊದಲು ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು, ಅದಕ್ಕೂ ದುಡ್ಡಿಲ್ಲ.

ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ ಯಾವುದೇ ಇರಲಿ, ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆ ಅನ್ವಯಿಸುವ ಕೆಪಿಎಂಇ ಕಾಯ್ದೆಯ ನೋಂದಣಿ ಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ಅಲ್ಲಿ ದೇವರ ಕ್ಯಾಲೆಂಡರ್ ಮಾತ್ರ ಇತ್ತು. ಪೊಟ್ಟಣ, ಚೀಟಿಗಳ ಫೋಟೊ ಸಹಿತ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ದೂರು ಕೊಟ್ಟಿದ್ದೇನೆ. ನಿಮ್ಮ ಬಳಿಯೂ ಅಂಥ ಪೊಟ್ಟಣವಿದ್ದರೆ ಎಸೆಯದೆ ಇಟ್ಟುಕೊಳ್ಳಿ, ದೂರಿಗೆ ಬೇಕಾಗುತ್ತದೆ.